ಅಪ್ಪನ ಅಂಗಡಿಯ 43 ಫೋಟೋಗಳು

ನನ್ನ ಫೋನಿನಲ್ಲಿ 43 ಫೋಟೋಗಳಿವೆ. ಎಲ್ಲವೂ ಒಂದೇ ದಿನ, ಒಂದೇ ಜಾಗದಲ್ಲಿ ತೆಗೆದವು. 2021ರ ಡಿಸೆಂಬರಿನ ಒಂದು ಭಾನುವಾರ, ತಿಪಟೂರಿನಲ್ಲಿ ಅಪ್ಪ ತಮ್ಮ ಟೈಲರ್ ಅಂಗಡಿ ಮುಚ್ಚಿದರು. 38 ವರ್ಷ ನಡೆಸಿದ ಅಂಗಡಿ. ನಾನು ಬೆಂಗಳೂರಿನಿಂದ ಬೆಳಗಿನ ರೈಲು ಹಿಡಿದು ಹೋಗಿದ್ದೆ. ಕೊನೆಯ ದಿನ ಅಲ್ವಾ, ಒಂದಷ್ಟು ಫೋಟೋ ತೆಗೆದಿಟ್ಟುಕೊಳ್ಳೋಣ ಅನ್ನಿಸಿತ್ತು. ಸಂಜೆ ಐದಕ್ಕೆ ಲಗೇಜ್ ಆಟೋ ಬರುವುದಿತ್ತು. ಅಷ್ಟರೊಳಗೆ ಮನಸ್ಸಿಗೆ ಬಂದಷ್ಟು ಸಲ ಒತ್ತಿದೆ. ರಾತ್ರಿ ಊಟ ಮುಗಿಸಿ ಒಂದೊಂದೇ ತೆಗೆದು ನೋಡುತ್ತಾ ಹೋದಾಗ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಎಲ್ಲದರಲ್ಲೂ ಅಪ್ಪ ಇದ್ದಾರೆ. ಅಂಗಡಿ ಇಲ್ಲ.

ಹೆಚ್ಚುಕಮ್ಮಿ ಎಲ್ಲದರಲ್ಲೂ ಅಪ್ಪ ಸರಿಯಾಗಿ ನಡುವೆ ನಿಂತು ನನ್ನನ್ನೇ ನೋಡುತ್ತಿದ್ದಾರೆ. ತಲೆಯ ಮೇಲೆ ಟ್ಯೂಬ್‌ಲೈಟು ಕೊಂಬಿನ ಹಾಗೆ ಕೂತಿದೆ. ಹಿಂದೆ ಬರೀ ಗೋಡೆ. ಬಲಗಡೆ ಹೊಲಿಗೆ ಮಿಷನ್ನು ಅರ್ಧಕ್ಕೆ ತುಂಡಾಗಿದೆ. ಎಡಗಡೆ ಬಾಗಿಲಾಚೆ ಯಾರದೋ ಬೈಕಿನ ಹ್ಯಾಂಡಲು ಇಣುಕಿದೆ. ಆದರೆ ಆ ದಿನ ಕಟಿಂಗ್ ಟೇಬಲ್ಲಿನ ಮೇಲೆ ಉದ್ದನೆಯ ಕತ್ತರಿ ಇತ್ತು. ಸವೆದು ಉಗುರಿನಷ್ಟಾದ ಸೀಮೆಸುಣ್ಣದ ಚೂರುಗಳಿದ್ದವು. ಮೂಲೆಗಳೆಲ್ಲ ಮಡಚಿಹೋದ ಅಳತೆ ಪುಸ್ತಕ ಇತ್ತು, ಅದರ ಹಾಳೆಗಳಿಗೆ ಗುಂಡುಪಿನ್ನಿನಲ್ಲಿ ಚುಚ್ಚಿದ ಬಟ್ಟೆಯ ತುಣುಕುಗಳಿದ್ದವು. ಇವೆಲ್ಲ ನನ್ನ ಕಣ್ಣಿಗೆ ಕಂಡಿದ್ದವು. ನೋಡಿ ಮನಸ್ಸು ತುಂಬಿ ಬಂದಿದ್ದಕ್ಕೇ ಅಷ್ಟು ಸಲ ಒತ್ತಿದ್ದು. ಫೋಟೋದೊಳಗೆ ಮಾತ್ರ ಅವು ಬರಲಿಲ್ಲ.

ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಮತ್ತೆ ಹೋಗಿ ತೆಗೆಯುತ್ತೇನೆ ಅಂದರೆ ಆಗುವುದಿಲ್ಲ. ಫೋಟೋ ತೆಗೆಯುವುದನ್ನು ಸರಿಯಾಗಿ ಕಲಿಯಬೇಕು ಅಂತ ನನಗೆ ಹಟ ಹುಟ್ಟಿದ್ದು ಹೀಗೆ. ಮೂರು ವರ್ಷಕ್ಕೂ ಜಾಸ್ತಿ ಆಯಿತು. ಇನ್ನೂ ಕಲಿಯುತ್ತಿದ್ದೇನೆ. ಕ್ಯಾಮೆರಾ ಕೊಂಡಿಲ್ಲ, ಅದೇ ಫೋನು. ಈ ಬರಹದಲ್ಲಿ ಶಟರ್ ಸ್ಪೀಡು, ಅಪರ್ಚರ್ ಬಗ್ಗೆ ಏನೂ ಇಲ್ಲ. ಒಂದು ಫೋಟೋದೊಳಗೆ ಏನು ಬರಬೇಕು, ಏನು ಎಲ್ಲಿರಬೇಕು ಅನ್ನುವುದಷ್ಟೇ ನನ್ನ ತಲೆ ತಿಂದ ವಿಷಯ.

ಮೊದಲು ಅರ್ಥ ಮಾಡಿಕೊಳ್ಳಬೇಕಾಗಿದ್ದು, ಕಣ್ಣಿಗೆ ಕಂಡದ್ದು ಫೋಟೋದಲ್ಲಿ ಯಾಕೆ ಬರಲಿಲ್ಲ ಅನ್ನುವುದನ್ನು. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಹೆಬ್ಬೆರಳಿನ ಅಗಲ ಸುಮಾರು 2 ಡಿಗ್ರಿ. ನಮ್ಮ ಕಣ್ಣು ಒಂದು ಸಲಕ್ಕೆ ತೀರಾ ಸ್ಪಷ್ಟವಾಗಿ ನೋಡುವುದು ಹೆಚ್ಚುಕಮ್ಮಿ ಅಷ್ಟೇ ಜಾಗವನ್ನು. ಸುತ್ತಲಿನದೆಲ್ಲ ಮಸುಕು. ಕಣ್ಣು ಸುಮ್ನೆ ಇರುವುದಿಲ್ಲ, ಕತ್ತರಿಯಿಂದ ಅಪ್ಪನ ಮುಖಕ್ಕೆ, ಮುಖದಿಂದ ಅಳತೆ ಪುಸ್ತಕಕ್ಕೆ ಓಡಾಡುತ್ತಲೇ ಇರುತ್ತದೆ. ಬೇಕಾದ್ದನ್ನು ಆರಿಸಿಕೊಂಡು ಮನಸ್ಸು ಒಂದು ಚಿತ್ರ ಕಟ್ಟಿಕೊಳ್ಳುತ್ತದೆ. ಟ್ಯೂಬ್‌ಲೈಟು, ಬೈಕಿನ ಹ್ಯಾಂಡಲು ಅದಕ್ಕೆ ಬೇಡ, ಬಿಟ್ಟುಬಿಡುತ್ತದೆ. ಫೋನಿನ ಮುಖ್ಯ ಲೆನ್ಸು ಹಾಗಲ್ಲ. ಅಡ್ಡಕ್ಕೆ ಹಿಡಿದರೆ ಸುಮಾರು 70 ಡಿಗ್ರಿಯಷ್ಟು ಅಗಲವನ್ನು ಒಂದೇ ಏಟಿಗೆ ನುಂಗುತ್ತದೆ. ಅದಕ್ಕೆ ಅಪ್ಪನೂ ಒಂದೇ, ಟ್ಯೂಬ್‌ಲೈಟೂ ಒಂದೇ. ಆ ದಿನ ಒತ್ತುವಾಗ ನಾನು ನೋಡಿದ್ದು ಅಪ್ಪನ ಮುಖ ಮಾತ್ರ. ಉಳಿದ 68 ಡಿಗ್ರಿಯ ಕಡೆ ಯಾರೂ ನೋಡಿರಲಿಲ್ಲ.

ತಲೆಯ ಮೇಲೆ ತೆಂಗಿನ ಮರ

ನಮ್ಮ ಅಂಗಡಿಯಿಂದ ನಾಲ್ಕು ಬಾಗಿಲು ಆಚೆ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಮಾಲೀಕರನ್ನು ಚಿಕ್ಕಂದಿನಿಂದ ಮಾಮ ಅಂತಲೇ ಕರೆಯುತ್ತೇನೆ. ಈಗ ಸ್ಟುಡಿಯೋ ಮಗನ ಕೈಯಲ್ಲಿದೆ, ಅವರು ಮಧ್ಯಾಹ್ನ ಬಂದು ಕೂರುತ್ತಾರೆ. ಆ ಯುಗಾದಿಗೆ ಊರಿಗೆ ಹೋದಾಗ ಅವರಿಗೆ 43 ಫೋಟೋಗಳನ್ನೂ ತೋರಿಸಿದೆ. ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ಸಮಾಧಾನವಾಗಿ ನೋಡಿದರು. ಚೆನ್ನಾಗಿವೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಫೋನು ವಾಪಸ್ ಕೊಟ್ಟು, "ನೀನು ನಿಂತ ಜಾಗದಿಂದ ಅಲ್ಲಾಡೇ ಇಲ್ವಲ್ಲ ಪುಟ್ಟಿ" ಅಂದರು.

ನಿಜ. 43ರಲ್ಲೂ ನಾನು ಬಾಗಿಲ ಹತ್ತಿರ ಒಂದೇ ಕಡೆ ನಿಂತಿದ್ದೆ. ಫೋನು ಒಂದೇ ಎತ್ತರದಲ್ಲಿತ್ತು, ನನ್ನ ಕಣ್ಣಿನ ಮಟ್ಟದಲ್ಲಿ.

ಮಾಮ ಆಮೇಲೆ ಹೇಳಿದ್ದು ತಮ್ಮ ಮೊದಲ ಮದುವೆ ಆಲ್ಬಮ್ಮಿನ ಕಥೆ. ತಿಪಟೂರಿನ ಸುತ್ತ ಯಾವ ಹಳ್ಳಿಗೆ ಹೋದರೂ ತೋಟ. ಆಗ ಮದುವೆ ಮನೆ ಮುಂದೆ ಚಪ್ಪರ ಹಾಕಿ ಮದುವೆ ಮಾಡುತ್ತಿದ್ದರು. ಬೀಗರ ಗುಂಪು ಫೋಟೋ ಅಂದರೆ ಎಲ್ಲರನ್ನೂ ಅಂಗಳಕ್ಕೆ ಕರೆದು ತೋಟಕ್ಕೆ ಬೆನ್ನು ಹಾಕಿ ನಿಲ್ಲಿಸುವುದು. ಮಾಮ ಎಲ್ಲರ ಮುಖ ನೋಡಿದರು, ಯಾರ ಕಣ್ಣೂ ಮುಚ್ಚಿಲ್ಲ ಅಂತ ಖಾತ್ರಿ ಮಾಡಿಕೊಂಡರು, ಒತ್ತಿದರು. ರೀಲು ತೊಳೆಸಿ ಪ್ರಿಂಟು ಹಾಕಿಸಿದಾಗ ನೋಡುತ್ತಾರೆ, ಮದುಮಗಳ ತಲೆಯಿಂದ ನೇರ ಮೇಲಕ್ಕೆ ಒಂದು ತೆಂಗಿನ ಮರ ಎದ್ದಿದೆ. ಬಾಸಿಂಗದ ಮೇಲೆ ಸೋಗೆ ಬಿಚ್ಚಿಕೊಂಡಿದೆ. ಹುಡುಗಿಯ ತಂದೆ ಆಲ್ಬಮ್ಮು ನೋಡಿ ಏನೂ ಅನ್ನಲಿಲ್ಲವಂತೆ. ದುಡ್ಡು ಕೊಟ್ಟು ಹೋದರಂತೆ. "ಬೈದಿದ್ರೆ ವಾಸಿಯಾಗ್ತಿತ್ತು ಕಣಮ್ಮ" ಅಂದರು ಮಾಮ. ನಲವತ್ತು ವರ್ಷದ ಹಿಂದಿನ ಮಾತು ಹೇಳುವಾಗಲೂ ಅವರ ದನಿ ಕುಗ್ಗಿತ್ತು.

ಅಲ್ಲಿಂದ ಅವರು ಒಂದು ಅಭ್ಯಾಸ ಮಾಡಿಕೊಂಡರು. ಒತ್ತುವ ಮುಂಚೆ ಮುಖ ನೋಡುವುದು ಕೊನೆಗೆ. ಮೊದಲು ಚೌಕಟ್ಟಿನ ನಾಲ್ಕು ಅಂಚು. ಎಡಗಡೆಯಿಂದ ಶುರುಮಾಡಿ, ಮೇಲೆ, ಬಲಗಡೆ, ಕೆಳಗೆ, ಒಂದು ಸುತ್ತು. ಅಂಚಿನಲ್ಲಿ ಯಾರ ಕೈ ತುಂಡಾಗಿದೆ, ಯಾವ ಕಂಬ ಇಣುಕಿದೆ, ಎಲ್ಲಿ ಬೆಳಕಿನ ತುಣುಕು ಕಣ್ಣು ಸೆಳೆಯುತ್ತದೆ ಅಂತ. ಆಮೇಲೆ ತಲೆಗಳ ಹಿಂದೆ ಏನಿದೆ ಅಂತ. ತಲೆಯ ಹಿಂದೆ ಮರ ಇದ್ದರೆ ಮದುಮಗಳನ್ನು ಸರಿಸಬೇಕಿಲ್ಲ, ತಾವೇ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಸಾಕು. ಹತ್ತಿರ ಇರುವವರು ಜಾಗ ಬದಲಿಸಿದ ಹಾಗೆ ಕಾಣುತ್ತಾರೆ, ದೂರದ ಮರ ಇದ್ದಲ್ಲೇ ಇರುತ್ತದೆ. ಮರ ತಲೆ ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಸ್ವಲ್ಪ ಮಂಡಿ ಬಗ್ಗಿಸಿದರೆ ಹಿಂದಿನ ಗಲಾಟೆಯೆಲ್ಲ ಅವರ ಬೆನ್ನ ಹಿಂದೆ ಇಳಿದು ಆಕಾಶ ಬರುತ್ತದೆ. ಮೆಟ್ಟಿಲು ಹತ್ತಿ ಮೇಲಿಂದ ನೋಡಿದರೆ ನೆಲವೇ ಹಿನ್ನೆಲೆ.

ಇನ್ನೊಂದು ಮಾತು ಹೇಳಿದರು, ಅದು ನನಗೆ ತುಂಬಾ ಹಿಡಿಸಿತು. "ಎರಡು ತಲೆ ಅಂಟಬಾರದು. ಮಧ್ಯ ಗಾಳಿ ಆಡಬೇಕು." ಒಂದರ ಗೆರೆ ಇನ್ನೊಂದರ ಗೆರೆಗೆ ಬರೀ ತಾಗಿಕೊಂಡಿದ್ದರೆ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದೋ ಪೂರ್ತಿ ಮರೆಯಾಗಬೇಕು, ಇಲ್ಲ ನಡುವೆ ಸಂದು ಬೇಕು. ನನ್ನ 43ರಲ್ಲಿ ಅಪ್ಪನ ಭುಜ ಮಿಷನ್ನಿಗೆ ಅಂಟಿತ್ತು, ತಲೆ ಟ್ಯೂಬ್‌ಲೈಟಿಗೆ ಅಂಟಿತ್ತು. ಎಲ್ಲೂ ಗಾಳಿ ಆಡಲು ಜಾಗ ಇರಲಿಲ್ಲ.

ಒಂದು ಚೊಂಬು, ಒಂದು ರೀಲು

ಮಾಮನ ಕಾಲದಲ್ಲಿ ಒಂದು ರೀಲಿಗೆ 36 ಫೋಟೋ. ಅದಕ್ಕೂ ಮುಂಚೆ ಅವರು ಬಳಸುತ್ತಿದ್ದ, ಮೇಲಿಂದ ಬಗ್ಗಿ ನೋಡುವ ಚೌಕ ಕ್ಯಾಮೆರಾದಲ್ಲಿ ಬರೀ 12. "ನೀನು ಒಂದು ವಸ್ತು ಇಟ್ಕೊಂಡು 36 ತೆಗಿ. ಒಂದು ವಾರ ಟೈಮು ತಗೋ. ಒಂದನ್ನೂ ಅಳಿಸ್ಬೇಡ. ಮುಗಿದ ಮೇಲೆ ನೋಡು" ಅಂದರು.

ನಾನು ಆರಿಸಿಕೊಂಡಿದ್ದು ಒಂದು ತಾಮ್ರದ ಚೊಂಬು. ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ಅಡುಗೆಮನೆ ಕಿಟಕಿ ಪೂರ್ವಕ್ಕಿದೆ. ಕಟ್ಟೆಯ ಮೇಲೆ ಚೊಂಬು ಇಟ್ಟೆ. ಮೊದಲ ದಿನ ಆರು ತೆಗೆದೆ. ಆರೂ ಒಂದೇ ಥರ. ಕಿಟಕಿಗೆ ಎದುರಾಗಿ ತೆಗೆದಾಗ ಚೊಂಬು ಕಪ್ಪು ಗಡ್ಡೆಯ ಹಾಗೆ ಬಂತು. ಕಿಟಕಿಗೆ ಬೆನ್ನು ಹಾಕಿದಾಗ ಚಪ್ಪಟೆಯಾಗಿ, ಗೋಡೆಗೆ ಅಂಟಿಸಿದ ಬಿಲ್ಲೆಯ ಹಾಗೆ ಬಂತು. ಮೂರನೆಯ ದಿನ, ಕಿಟಕಿ ನನ್ನ ಎಡಗೈ ಕಡೆ ಇರುವ ಹಾಗೆ ನಿಂತೆ. ಚೊಂಬಿನ ಒಂದು ಮೈ ಬೆಳಗಿತು, ಇನ್ನೊಂದು ಮೈ ನಿಧಾನಕ್ಕೆ ಕತ್ತಲಿಗೆ ತಿರುಗಿತು. ಆಗ ಅದು ದುಂಡಗಿದೆ ಅಂತ ಫೋಟೋಗೂ ಗೊತ್ತಾಯಿತು. ಇಷ್ಟು ಸಣ್ಣ ವಿಷಯಕ್ಕೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಎಷ್ಟು ಖುಷಿಪಟ್ಟೆ ಅಂದರೆ, ಒಲೆಯ ಮೇಲಿದ್ದ ಹಾಲು ಉಕ್ಕಿದ್ದು ತಿಳಿಯಲಿಲ್ಲ.

ಹತ್ತಿರ ಹೋದಷ್ಟೂ ಚೊಂಬಿನ ಬಾಯಿ ದೊಡ್ಡದಾಗಿ, ತಳ ಸಣ್ಣದಾಗಿ ವಿಕಾರವಾಗುತ್ತದೆ. ಮನುಷ್ಯರ ಮುಖಕ್ಕೂ ಅದೇ ಆಗುವುದು. ಒಂದಡಿ ದೂರದಿಂದ ತೆಗೆದರೆ ಮೂಗು ಮುಂದೆ ಬರುತ್ತದೆ, ಕಿವಿ ಹಿಂದೆ ಓಡುತ್ತದೆ. ಇದು ಲೆನ್ಸಿನ ದೋಷ ಅಂದುಕೊಂಡಿದ್ದೆ. ಅಲ್ಲ, ದೂರದ ಲೆಕ್ಕ. ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಜೂಮ್ ಒತ್ತಿದರೆ ಚೊಂಬು ಚೊಂಬಾಗಿಯೇ ಕಾಣುತ್ತದೆ. ಆ ವಾರದಿಂದ ಯಾರ ಮುಖ ತೆಗೆಯುವುದಿದ್ದರೂ ಐದಾರು ಅಡಿ ದೂರ ನಿಲ್ಲುತ್ತೇನೆ.

20ನೆಯ ಫೋಟೋ ಆದ ಮೇಲೆ ಬೇಜಾರು ಬಂತು. ಇನ್ನೇನಿದೆ ಇದರಲ್ಲಿ ತೆಗೆಯಲು ಅನ್ನಿಸಿತು. ಬಿಟ್ಟುಬಿಡೋಣ ಅಂದುಕೊಂಡೆ. ಆದರೆ ಆ ಬೇಜಾರಿನ ಆಚೆಯ 16 ಫೋಟೋಗಳಲ್ಲೇ ನಾನು ಕಲಿತದ್ದು ಜಾಸ್ತಿ. ಹೊಸದೇನೂ ಇಲ್ಲ ಅಂದಾಗ ಕಣ್ಣು ವಸ್ತುವನ್ನು ಬಿಟ್ಟು ಅದರ ಸುತ್ತ ಇರುವ ಖಾಲಿ ಜಾಗವನ್ನು ನೋಡಲು ಶುರುಮಾಡುತ್ತದೆ. ಚೊಂಬಿಗೂ ಕಿಟಕಿಯ ಚೌಕಟ್ಟಿಗೂ ನಡುವೆ ಎಷ್ಟು ಸಂದಿದೆ? ನೆರಳು ಎತ್ತ ಚಾಚಿದೆ, ಅದಕ್ಕೆ ಹೋಗಲು ಜಾಗ ಇದೆಯಾ? ಅಮ್ಮ ಚುಕ್ಕಿ ಇಟ್ಟು ರಂಗೋಲಿ ಬಿಡುವಾಗ ಒಂದು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದದ್ದು ನೆನಪಾಯಿತು. ಅವಳು ನೋಡುತ್ತಿದ್ದದ್ದು ಗೆರೆಗಳನ್ನಲ್ಲ, ಗೆರೆಗಳ ನಡುವಿನ ನೆಲವನ್ನು ಅಂತ ನನಗೆ ಹೊಳೆದದ್ದು ಆಗ.

ಹೊಸದಾಗಿ ಕಲಿಯುವವರಿಗೆ ಎಲ್ಲರೂ ಹೇಳಿಕೊಡುವ ಮೊದಲ ಪಾಠ ರೂಲ್ ಆಫ್ ಥರ್ಡ್ಸ್. ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಗ್ರಿಡ್ ಹಾಕಿಕೊಂಡರೆ ಎರಡು ಅಡ್ಡ, ಎರಡು ಉದ್ದ ಗೆರೆ ಬರುತ್ತವೆ. ಮುಖ್ಯವಾದದ್ದನ್ನು ನಡುವೆ ಇಡದೆ ಆ ಗೆರೆಗಳು ಕೂಡುವ ಕಡೆ ಇಡಿ ಅನ್ನುತ್ತಾರೆ. ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲೆಂಡಿನ ಕಲಾವಿದರು ಇದನ್ನು ಬರೆದಿಟ್ಟಿದ್ದು 1797ರಲ್ಲಿ. ಆಗಿನ್ನೂ ಫೋಟೋ ಅನ್ನುವುದೇ ಹುಟ್ಟಿರಲಿಲ್ಲ. ಅವರು ಹೇಳುತ್ತಿದ್ದದ್ದು ಹಳ್ಳಿಗಾಡಿನ ದೃಶ್ಯಗಳನ್ನು ಚಿತ್ರ ಬರೆಯುವ ಬಗ್ಗೆ. ನೆಲಕ್ಕೆ ಒಂದು ಪಾಲು, ಆಕಾಶಕ್ಕೆ ಎರಡು ಪಾಲು, ಹೀಗೆ. ಸಮಪಾಲು ಮಾಡಬೇಡಿ, ಒಂದು ಕಡೆಗೆ ತೂಕ ಕೊಡಿ ಅನ್ನುವ ಮಾತು. ಅಷ್ಟು ಮಟ್ಟಿಗೆ ಅದು ನನಗೆ ಉಪಯೋಗಕ್ಕೆ ಬಂತು. ಆದರೆ ಗ್ರಿಡ್ ಹಾಕಿಕೊಂಡ ಮೇಲೆ ಕೆಲವು ತಿಂಗಳು ನನ್ನ ಎಲ್ಲ ಫೋಟೋಗಳಲ್ಲೂ ಎಲ್ಲವೂ ಎಡಗಡೆಯ ಮೂರನೇ ಒಂದು ಪಾಲಿನಲ್ಲೇ ಕೂತವು. ಬಲಗಡೆ ಯಾಕೆ ಖಾಲಿ ಇದೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಖಾಲಿ ಬಿಟ್ಟ ಜಾಗಕ್ಕೂ ಒಂದು ಕೆಲಸ ಇರಬೇಕು. ಯಾರೋ ಆ ಕಡೆ ನೋಡುತ್ತಿರಬೇಕು, ನೆರಳು ಆ ಕಡೆ ಚಾಚಿರಬೇಕು, ಏನೋ ಅಲ್ಲಿಗೆ ಬರುವುದಿರಬೇಕು. ಈಗ ಗ್ರಿಡ್ ಇಟ್ಟುಕೊಂಡಿರುವುದು ಕಂಬ, ಬಾಗಿಲು ಸೊಟ್ಟಗಾಗದೆ ಇರಲಿ ಅಂತ ಅಷ್ಟೇ.

ತಲೆಕೆಳಗಾದ ಗೋಪುರ

ಹಂಪಿಗೆ ಹೋದವರು ವಿರೂಪಾಕ್ಷ ದೇವಸ್ಥಾನದಲ್ಲಿ ಇದನ್ನು ನೋಡಿಯೇ ಇರುತ್ತೀರಿ. ಗರ್ಭಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆ ಜಾಗ. ಅಲ್ಲಿ ಒಂದು ಸಣ್ಣ ಕಿಂಡಿ. ಹೊರಗಿನ, ಸುಮಾರು 50 ಮೀಟರ್ ಎತ್ತರದ ಗೋಪುರ ಆ ಕಿಂಡಿಯ ಮೂಲಕ ಒಳಗಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಬೆಳಕು ನೇರವಾಗಿಯೇ ಹೋಗುವುದರಿಂದ ಗೋಪುರದ ತುದಿಯಿಂದ ಬಂದದ್ದು ಕಿಂಡಿ ದಾಟಿ ಕೆಳಕ್ಕೆ ಬೀಳುತ್ತದೆ, ಬುಡದ್ದು ಮೇಲಕ್ಕೆ. ಎಲ್ಲ ಕ್ಯಾಮೆರಾದೊಳಗೂ ನಡೆಯುವುದು ಇದೇ. ನನ್ನ ಫೋನಿನೊಳಗೂ ಪ್ರಪಂಚ ಮೊದಲು ತಲೆಕೆಳಗಾಗಿಯೇ ಬೀಳುತ್ತದೆ, ಅದನ್ನು ತಿರುಗಿಸಿ ತೋರಿಸುತ್ತಾರೆ ಅಷ್ಟೇ.

ಚಿಕ್ಕಂದಿನಲ್ಲಿ ಶಾಲೆಯ ಪ್ರವಾಸದಲ್ಲಿ ನೋಡಿದಾಗ ಇದೊಂದು ಪವಾಡ ಅನ್ನಿಸಿತ್ತು. 2023ರಲ್ಲಿ ಮತ್ತೆ ಹೋದಾಗ ಆ ಗೋಡೆಯ ಮುಂದೆ ತುಂಬಾ ಹೊತ್ತು ನಿಂತೆ. ಗೈಡುಗಳು ಬಂದರು, ಹೋದರು. ನನಗೆ ವಿಚಿತ್ರ ಅನ್ನಿಸಿದ್ದು ಬೇರೆ. ಹೊರಗೆ ನಿಂತು ಗೋಪುರ ನೋಡುವಾಗ ನಾನು ಗೊಂಬೆಗಳನ್ನು, ಕಳಶವನ್ನು, ಹಾರುವ ಪಾರಿವಾಳಗಳನ್ನು ನೋಡಿದ್ದೆ. ಒಳಗೆ ತಲೆಕೆಳಗಾದಾಗ ಅದು ಗೋಪುರವಾಗಿ ಕಾಣಲಿಲ್ಲ. ಕೆಳಕ್ಕೆ ಚೂಪಾಗುವ ಒಂದು ಕಪ್ಪು ಆಕಾರ, ಅದರ ಎರಡೂ ಪಕ್ಕ ಬೆಳಕು. ಹೆಸರು ಕಳಚಿದ ಮೇಲೆ ಉಳಿಯುವುದು ಆಕಾರ.

ಮಾಮನ ಮಾತು ನೆನಪಾಯಿತು. ಸ್ಟುಡಿಯೋದ ದೊಡ್ಡ ಕ್ಯಾಮೆರಾಗಳಲ್ಲಿ, ಕಪ್ಪು ಬಟ್ಟೆ ಹೊದ್ದು ನೋಡುತ್ತಿದ್ದವುಗಳಲ್ಲಿ, ಹಿಂದಿನ ಗಾಜಿನ ಮೇಲೆ ಮನುಷ್ಯರು ತಲೆಕೆಳಗಾಗಿ ಕಾಣುತ್ತಿದ್ದರು. ಆ ಚೌಕ ಕ್ಯಾಮೆರಾದಲ್ಲಿ ತಲೆ ಮೇಲೇ ಇರುತ್ತಿತ್ತು, ಆದರೆ ಎಡ ಬಲ ಅದಲುಬದಲು. ಕಷ್ಟ ಆಗ್ತಿರಲಿಲ್ವಾ ಅಂತ ಕೇಳಿದ್ದಕ್ಕೆ, "ಅದ್ರಿಂದ ಅನುಕೂಲಾನೇ ಜಾಸ್ತಿ. ಯಾರು ಅಂತ ಮರೆತು, ಎಲ್ಲಿ ಭಾರ ಜಾಸ್ತಿ ಆಗಿದೆ ಅಂತ ಗೊತ್ತಾಗ್ತಿತ್ತು" ಅಂದಿದ್ದರು.

ಹಂಪಿಯಲ್ಲಿ ಹೇಮಕೂಟದ ಬಂಡೆಯ ಮೇಲೆ ಕೂತು, ಫೋನು ತಿರುಗದಂತೆ ಲಾಕ್ ಮಾಡಿ, ಅಪ್ಪನ ಅಂಗಡಿಯ ಫೋಟೋಗಳನ್ನು ತಲೆಕೆಳಗೆ ಹಿಡಿದು ನೋಡಿದೆ. ಮೊದಲ ಸಲ ಅಪ್ಪನನ್ನು ಬಿಟ್ಟು ಫೋಟೋ ನೋಡಲು ಆಯಿತು. ದೊಡ್ಡದೊಂದು ಬಿಳಿ ಪಟ್ಟೆ, ಅದು ಗೋಡೆ. ಇನ್ನೂ ಬಿಳಿಯ ಒಂದು ಕಡ್ಡಿ, ಟ್ಯೂಬ್‌ಲೈಟು. ಕಣ್ಣು ಮೊದಲು ಹೋಗುವುದು ಅಲ್ಲಿಗೇ. ನಡುವೆ ಒಂದು ಮಂಕಾದ ಕಂದು ಕಲೆ. ಅದು ಅಪ್ಪ. ಇಡೀ ಫೋಟೋದಲ್ಲಿ ಎಲ್ಲಕ್ಕಿಂತ ಕಮ್ಮಿ ಜಾಗ, ಕಮ್ಮಿ ಬೆಳಕು ಅವರಿಗೆ.

ಇವತ್ತಿಗೂ ಒಂದು ಫೋಟೋ ಸರಿಯಿದೆಯಾ ಅಂತ ಅನುಮಾನ ಬಂದರೆ ಹೀಗೇ ತಿರುಗಿಸಿ ನೋಡುತ್ತೇನೆ. ಅಥವಾ ಕೈ ಚಾಚಿ ದೂರ ಹಿಡಿದು ಕಣ್ಣು ಅರೆ ಮುಚ್ಚಿ ನೋಡುತ್ತೇನೆ. ಹೊಸದಾಗಿ ಕಲಿಯುವವರಿಗೆ ನಾನು ಧೈರ್ಯವಾಗಿ ಹೇಳಬಲ್ಲ ಉಪಾಯ ಇದೊಂದು.

ಮಾರ್ಕೆಟ್ಟಿನಲ್ಲಿ ಬಣ್ಣದ ಮೋಹ

ಬೆಂಗಳೂರಿನಲ್ಲಿ ಫೋಟೋ ಕಲಿಯುವವರೆಲ್ಲ ಒಂದಲ್ಲ ಒಂದು ಬೆಳಗ್ಗೆ ಕೆ. ಆರ್. ಮಾರ್ಕೆಟ್ಟಿನ ಹೂವಿನ ಕಡೆಗೆ ಹೋಗುತ್ತಾರೆ. ನಾನೂ ಹೋದೆ. ಮೊದಲ ಮಹಡಿಯ ಕಟ್ಟೆಗೆ ಒರಗಿ ಕೆಳಗೆ ನೋಡಿದರೆ ಸೇವಂತಿಗೆಯ ಗುಡ್ಡೆ, ಚೆಂಡು ಹೂವಿನ ಗುಡ್ಡೆ, ನಡುವೆ ಕುಕ್ಕೆ ಹೊತ್ತು "ದಾರಿ, ದಾರಿ" ಅನ್ನುತ್ತಾ ನುಗ್ಗುವವರು. ಹಳದಿ, ಕೇಸರಿ, ಕೆಂಪು. ಅಲ್ಲಿ ಎಲ್ಲಿಗೆ ಫೋನು ಹಿಡಿದರೂ ಚೆನ್ನಾಗಿ ಬರುತ್ತದೆ ಅನ್ನಿಸುತ್ತದೆ. ಮೊದಲ ದಿನ 200ಕ್ಕೂ ಜಾಸ್ತಿ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲದರಲ್ಲೂ ಬಣ್ಣ ಇದೆ, ಬೇರೇನೂ ಇಲ್ಲ.

ಸಂಡೂರಿನ ಎಂ. ವೈ. ಘೋರ್ಪಡೆಯವರ ನೆನಪಾಯಿತು. 1970ರ ದಶಕದಲ್ಲಿ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಾಡುಪ್ರಾಣಿಗಳ ಕಪ್ಪು ಬಿಳುಪು ಫೋಟೋಗಳಿಗೆ ಹೆಸರಾದವರು. ಬಣ್ಣವೇ ಇಲ್ಲದಿದ್ದರೆ ಆಕಾರ, ಬೆಳಕು, ಸಂದು ಇವಿಷ್ಟರಲ್ಲೇ ಹೇಳಬೇಕಾದ್ದನ್ನು ಹೇಳಬೇಕು. ಎರಡನೆಯ ಸಲ ಮಾರ್ಕೆಟ್ಟಿಗೆ ಹೋದಾಗ ಫೋನಿನಲ್ಲಿ ಮೋನೋ, ಅಂದರೆ ಕಪ್ಪು ಬಿಳುಪು, ಹಾಕಿಕೊಂಡೆ. ಪರದೆಯ ಮೇಲೆ ಹೂವಿನ ಗುಡ್ಡೆಗಳೆಲ್ಲ ಒಂದೇ ಬೂದು. ಒಂದು ಕ್ಷಣ ಮಾರ್ಕೆಟ್ಟೇ ಖಾಲಿಯಾದ ಹಾಗಾಯಿತು. ಆಮೇಲೆ ನಿಧಾನಕ್ಕೆ ಬೇರೆ ಏನೋ ಕಂಡಿತು. ಮೇಲಿನಿಂದ ಒಂದು ಬಿಸಿಲುಕೋಲು ಇಳಿದು ಒಬ್ಬ ಹೆಂಗಸಿನ ಕೈಗಳ ಮೇಲೆ ಬಿದ್ದಿತ್ತು. ಅವರು ಮೊಣಕೈಯಿಂದ ಬೆರಳ ತುದಿಗೆ ಹಾರ ಎಳೆದು ಮೊಳ ಹಾಕುತ್ತಿದ್ದರು. ಮುಖ ನೆರಳಿನಲ್ಲಿತ್ತು. ಆ ಕೈ, ಆ ಹಾರ, ಸುತ್ತ ಕತ್ತಲು.

ನಾನು ಕೆಳಗಿಳಿದು ಹೋಗಿ, "ಅಕ್ಕಾ, ಒಂದು ಫೋಟೋ ತಗೊಳ್ಳಲಾ?" ಅಂತ ಕೇಳಿದೆ. "ತಗೊಳವ್ವ, ನಂದಲ್ಲ, ಹೂವಿಂದು" ಅಂದರು. ಮೂರು ತೆಗೆದೆ. ಮೂರನೆಯದರಲ್ಲಿ ಹಿಂದಿನಿಂದ ಒಬ್ಬ ಹುಡುಗ ಕುಕ್ಕೆ ಇಳಿಸಲು ಬಗ್ಗಿದ. ಅವನ ಬೆನ್ನು ಫೋಟೋದ ಮೂಲೆಯನ್ನು ತುಂಬಿತು. ಮೊದಲಿನ ನಾನಾಗಿದ್ದರೆ ಅವನು ಹೋಗಲಿ ಅಂತ ಕಾಯುತ್ತಿದ್ದೆ. ಆ ದಿನ ಕಾಯಲಿಲ್ಲ. ಅವನ ಬಾಗಿದ ಬೆನ್ನು ಅಕ್ಕನ ಕೈಯ ಕಡೆಗೇ ಇಳಿಜಾರಾಗಿತ್ತು. ಎರಡರ ನಡುವೆ ಗಾಳಿ ಆಡುವಷ್ಟು ಸಂದೂ ಇತ್ತು. ಒಂದು ಮೊಳ ಮಲ್ಲಿಗೆ ಕೊಂಡು ಬಸ್ಸು ಹತ್ತಿದೆ. ಆ ಫೋಟೋವನ್ನು ಮಾತ್ರ ದೊಡ್ಡದಾಗಿ ಪ್ರಿಂಟು ಹಾಕಿಸಿದ್ದೇನೆ.

ಒಳಗೆ ಬಿಟ್ಟ ಬಟ್ಟೆ

ಅಂಚು ನೋಡುವುದು ರೂಢಿಯಾದ ಮೇಲೆ ಇನ್ನೊಂದು ತೊಂದರೆ ಶುರುವಾಯಿತು. ಎಲ್ಲವನ್ನೂ ಗುಡಿಸಿ ಹಾಕಲು ಶುರುಮಾಡಿದೆ. ಕಂಬ ಬೇಡ, ತಂತಿ ಬೇಡ, ಬಕೆಟ್ಟು ಬೇಡ, ಹಿಂದೆ ನಿಂತವರು ಬೇಡ. ಫೋಟೋಗಳು ಚೊಕ್ಕಟವಾದವು. ಆದರೆ ಯಾರ ಮನೆ, ಯಾವ ಊರು, ಯಾವ ಹೊತ್ತು ಅಂತ ಒಂದೂ ಹೇಳುತ್ತಿರಲಿಲ್ಲ. ಔಷಧಿ ಅಂಗಡಿಯ ಕ್ಯಾಲೆಂಡರಿನ ಚಿತ್ರಗಳ ಹಾಗಾದವು. ತೆಗೆದು ಹಾಕುವುದನ್ನು ಕಲಿತಿದ್ದೆ, ಉಳಿಸಿಕೊಳ್ಳುವುದನ್ನು ಕಲಿತಿರಲಿಲ್ಲ.

ಆ 43ರಲ್ಲಿ 29ನೆಯದು ಒಂದಿದೆ. ಅದು ಬೇಕೆಂದು ತೆಗೆದದ್ದಲ್ಲ. ಫೋನು ಕೆಳಗಿಳಿಸುವಾಗ ಬೆರಳು ತಾಗಿರಬೇಕು. ಫೋಟೋ ಸ್ವಲ್ಪ ಓರೆಯಾಗಿದೆ. ಅಪ್ಪ ನನ್ನನ್ನು ನೋಡುತ್ತಿಲ್ಲ. ತಲೆ ಬಗ್ಗಿಸಿ ಟೇಪನ್ನು ಬೆರಳಿಗೆ ಸುತ್ತುತ್ತಿದ್ದಾರೆ. ಟ್ಯೂಬ್‌ಲೈಟು ಮೇಲೆ ಆಚೆ ಹೋಗಿದೆ, ಬೆಳಕು ಮಾತ್ರ ಅವರ ಕತ್ತಿನ ಮೇಲಿದೆ. ಕೆಳಗಿನ ಎಡ ಮೂಲೆಯಲ್ಲಿ ಟೇಬಲ್ಲಿನ ತುದಿ, ಅದರ ಮೇಲೆ ಅಳತೆ ಪುಸ್ತಕದ ಒಂದು ಮೂಲೆ, ಒಂದು ನೀಲಿ ಬಟ್ಟೆಯ ತುಣುಕು. ಶಾಲೆಯ ಯೂನಿಫಾರ್ಮಿನ ನೀಲಿ.

ಅಂಗಡಿ ಮುಚ್ಚಿದ ವಾರ ನಾನು ಇದನ್ನೇ ಕ್ರಾಪ್ ಮಾಡಿ, ಬರೀ ಅಪ್ಪನ ಮುಖ ಉಳಿಸಿ ಮನೆಯ ಗ್ರೂಪಿಗೆ ಹಾಕಿದ್ದೆ. ಎಲ್ಲರೂ ಕೈಮುಗಿದ ಚಿಹ್ನೆ ಕಳಿಸಿದ್ದರು. ಎರಡು ವರ್ಷ ಕಳೆದು ಪೂರ್ತಿ ಫೋಟೋ ತೆರೆದಾಗ ಆ ನೀಲಿ ತುಣುಕು ಕಂಡಿತು. ನಾನು ಕತ್ತರಿಸಿ ಬಿಸಾಡಿದ್ದು ಅಂಗಡಿಯನ್ನೇ.

ಕ್ರಾಪ್ ಮಾಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಆಂರಿ ಕಾರ್ತಿಯೇ ಬ್ರೆಸೋನ್‌ಗೆ ತಮ್ಮ ಫೋಟೋ ಕತ್ತರಿಸುವುದು ಇಷ್ಟ ಇರಲಿಲ್ಲ. ಚೌಕಟ್ಟನ್ನು ಅಲ್ಲೇ, ಆ ಹೊತ್ತಿನಲ್ಲೇ ಸರಿಯಾಗಿ ಕಟ್ಟಬೇಕು ಅನ್ನುವ ಪಂಥ ಅವರದು. ಆದರೆ 1932ರಲ್ಲಿ ಪ್ಯಾರಿಸ್ಸಿನ ಒಂದು ರೈಲು ನಿಲ್ದಾಣದ ಹಿಂದೆ ಅವರು ತೆಗೆದ, ಒಬ್ಬ ಮನುಷ್ಯ ನಿಂತ ನೀರನ್ನು ಹಾರಿ ದಾಟುವ ಫೋಟೋ ಇದೆಯಲ್ಲ, ಪ್ರಪಂಚವೆಲ್ಲ ನೋಡಿದ ಆ ಫೋಟೋ, ಅದನ್ನು ಅವರೂ ಕತ್ತರಿಸಿದ್ದಾರೆ. ಬೇಲಿಯ ಸಂದಿನಿಂದ ತೆಗೆದಿದ್ದರು, ಒಂದು ಪಕ್ಕ ಹಲಗೆ ಅಡ್ಡ ಬಂದಿತ್ತು. ಹಲಗೆ ತೆಗೆಯಬೇಕಾಗಿತ್ತು, ತೆಗೆದರು. ನನ್ನ ಫೋಟೋದ ನೀಲಿ ತುಣುಕು ಅಡ್ಡ ಬಂದದ್ದಾಗಿರಲಿಲ್ಲ.

ಅಪ್ಪನಿಗೆ ಈ ವಿಷಯ ಹೇಳಿದಾಗ ಅವರು ತಮ್ಮ ಕೆಲಸದ ಮಾತು ಹೇಳಿದರು. ಮಕ್ಕಳ ಯೂನಿಫಾರ್ಮ್ ಹೊಲಿಯುವಾಗ ಅವರು ಯಾವತ್ತೂ ಒಳಗೆ ಒಂದು ಇಂಚು, ಒಂದೂವರೆ ಇಂಚು ಬಟ್ಟೆ ಮಡಚಿ ಬಿಡುತ್ತಿದ್ದರು. ಹೊರಗಿನಿಂದ ಕಾಣುವುದಿಲ್ಲ. ಮುಂದಿನ ವರ್ಷ ಮಗು ಉದ್ದ ಆದಾಗ ತಾಯಂದಿರು ಅದೇ ಚಡ್ಡಿ, ಲಂಗ ತರುತ್ತಾರೆ, ಬಿಚ್ಚಿ ಇಳಿಸಿಕೊಡಬಹುದು. "ಒಂದ್ ಸಲ ಕತ್ತರಿಸಿಬಿಟ್ರೆ ಬಟ್ಟೆ ಬೆಳೆಯಲ್ಲ ಕಣಮ್ಮ" ಅಂದರು. ಈಗ ನಾನು ಫೋಟೋ ತೆಗೆಯುವಾಗ ನನಗೆ ಬೇಕು ಅನ್ನಿಸಿದ್ದಕ್ಕಿಂತ ಒಂದು ಹೆಜ್ಜೆ ಹಿಂದೆ ನಿಂತು ಒಂದು ತೆಗೆಯುತ್ತೇನೆ. ಇವತ್ತು ನನಗೆ ಮುಖ್ಯ ಅನ್ನಿಸದ ಯಾವುದೋ ಒಂದು, ಮುಂದೆ ಯಾವತ್ತೋ ಬೇಕಾಗಬಹುದು.

ಅಂಗಡಿಯ ಹಳೇ ಮಿಷನ್ನು ಈಗ ಮನೆಯ ನಡುಮನೆಯಲ್ಲಿ, ಕಿಟಕಿಯ ಪಕ್ಕ ಇದೆ. ಕಾಲಲ್ಲಿ ತುಳಿಯುವ ಮಿಷನ್ನು. ಅಪ್ಪ ದಿಂಬಿನ ಕವರು, ಅಮ್ಮನ ಸೀರೆಯ ಅಂಚು ಹೊಲಿಯುತ್ತಾರೆ. ಹೋದ ತಿಂಗಳು ಊರಿಗೆ ಹೋದಾಗ ಮಧ್ಯಾಹ್ನದ ಬೆಳಕು ಕಿಟಕಿಯಿಂದ ಓರೆಯಾಗಿ ಬಂದು ಅವರ ಬಲಗೈ ಮೇಲೆ, ಮಿಷನ್ನಿನ ಚಕ್ರದ ಮೇಲೆ ಬಿದ್ದಿತ್ತು. ನಾನು ಗೋಡೆಗೆ ಒರಗಿ, ಮಂಡಿ ಬಗ್ಗಿಸಿ, ನಾಲ್ಕು ಅಂಚು ಸುತ್ತಿ ನೋಡಿ, ತಲೆಯ ಹಿಂದಿನ ಕ್ಯಾಲೆಂಡರು ಪಕ್ಕಕ್ಕೆ ಹೋಗುವ ಹಾಗೆ ಸರಿದು, ಒಂದು ತೆಗೆದೆ. ಇದು ಬಂತು ಅನ್ನಿಸಿತು. ತೋರಿಸಿದೆ.

ಅಪ್ಪ ಕನ್ನಡಕ ಹಣೆಗೆ ಏರಿಸಿ, ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಬೆರಳಿನಲ್ಲಿ ದೊಡ್ಡದು ಮಾಡಿ, ಕೆಳಗೆ ಸರಿಸಿದರು. ಇನ್ನೂ ಕೆಳಗೆ ಸರಿಸಲು ನೋಡಿದರು. ಅಲ್ಲಿ ಫೋಟೋ ಮುಗಿದಿತ್ತು.

"ಕಾಲೆಲ್ಲಿ?" ಅಂದರು.

"ಕಾಲು ಬಂದಿಲ್ಲಪ್ಪ."

"ಕಾಲಿಲ್ದೆ ಮಿಷನ್ನು ಹೆಂಗಮ್ಮ ಓಡುತ್ತೆ?"

ನಾನು ಹಿಂದೆ ಸರಿದೆ. ಗೋಡೆ ಬಂತು. ಬಾಗಿಲು ದಾಟಿ ಜಗಲಿಗೆ ಹೋದೆ, ಅಲ್ಲಿಂದ ಎರಡು ಮೆಟ್ಟಿಲು ಇಳಿದು ಅಂಗಳಕ್ಕೆ. ಅಲ್ಲಿ ಕುಕ್ಕರಗಾಲಲ್ಲಿ ಕೂತಾಗ ಬಾಗಿಲ ಚೌಕಟ್ಟಿನೊಳಗೆ ಎಲ್ಲ ಬಂತು. ಕಿಟಕಿ, ಬೆಳಕು, ಅಪ್ಪ, ಚಕ್ರ, ಕೆಳಗೆ ತುಳಿಗೆಯ ಮೇಲೆ ಎರಡು ಪಾದ. ಹೊಸ್ತಿಲ ಈಚೆ ಅಮ್ಮನ ಬೆಳಗಿನ ರಂಗೋಲಿ ಅರ್ಧ ಅಳಿಸಿತ್ತು, ಅದೂ ಇರಲಿ ಅಂತ ಬಿಟ್ಟೆ. ಅಷ್ಟು ಹೊತ್ತಿಗೆ ಅಪ್ಪ ನನ್ನನ್ನು ಮರೆತಿದ್ದರು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯ ಕಣ್ಣನ್ನು ಕಿಟಕಿಯ ಬೆಳಕಿಗೆ ಹುಡುಕುತ್ತಿದ್ದರು.